ತಂಗಡಿ ಹೂವಿನ ಚಹಾ

ಕಲೀಮುಲ್ಲಾ ಹನ್ನೊಂದು ವರ್ಷ ಅಮೆರಿಕದಲ್ಲಿ, ಶಿಕಾಗೋದ ಒಂದು ಚಹಾ ಅಂಗಡಿಯಲ್ಲಿ ಕೆಲಸ ಮಾಡಿದವನು. ಅಲ್ಲಿ ಎಪ್ಪತ್ತು ಬಗೆಯ ಚಹಾ ಗಾಜಿನ ಭರಣಿಗಳಲ್ಲಿರುತ್ತಿತ್ತು. ಶನಿವಾರ ಎದುರಿನ ಬಯಲಿನಲ್ಲಿ ರೈತರ ಸಂತೆ ನೆರೆಯುತ್ತಿತ್ತು. ಪ್ರತಿ ಬುಟ್ಟಿಯ ಮುಂದೆ ಬೆಳೆದವರ ಹೆಸರು, ಊರು ಬರೆದ ಹಲಗೆ. ಅದು ಅವನ ಮನಸ್ಸಿಗೆ ಹಿಡಿಸಿತ್ತು. ರಾಯಚೂರಿಗೆ ಮರಳಿ ತರಕಾರಿ ಮಾರುಕಟ್ಟೆಯ ಹತ್ತಿರ ಸ್ವಂತ ಚಹಾ ಅಂಗಡಿ ತೆರೆದಾಗ ಅವನು ಮೊದಲು ಕೊಂಡದ್ದೇ ಒಂದು ಕರಿ ಹಲಗೆ.

ಅಂಗಡಿಗೆ ಹೆಸರು ತಂದದ್ದು ತಂಗಡಿ, ಅಂದರೆ ಆವರಿಕೆ ಹೂವಿನ ಚಹಾ. ದೇವದುರ್ಗ ತಾಲೂಕಿನ ಮಸರಕಲ್ಲಿನ ಆದೆಮ್ಮ ಹೊಲದ ಬದುವಿನ ಗಿಡಗಳಿಂದ ಹಳದಿ ಹೂ ಬಿಡಿಸಿ, ನೆರಳಲ್ಲಿ ಒಣಗಿಸಿ, ವಾರಕ್ಕೊಮ್ಮೆ ಬಸ್ಸಿನಲ್ಲಿ ತರುತ್ತಿದ್ದಳು. 'ಮಸರಕಲ್ ಆದೆಮ್ಮನ ತಂಗಡಿ ಹೂ' ಎಂದು ಕಲೀಮುಲ್ಲಾ ದಪ್ಪಕ್ಷರದಲ್ಲಿ ಬರೆದ. ಓದಲು ಬಾರದ ಆಕೆಗೆ ಅದನ್ನು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಗಿರಾಕಿಗಳು ಹಲಗೆಯ ಫೋಟೊ ತೆಗೆದರು. ಅದು ಫೋನಿನಿಂದ ಫೋನಿಗೆ ದಾಟಿ ಮಸರಕಲ್ಲಿಗೂ ಮುಟ್ಟಿತು.

ಎರಡು ವಾರ ಆದೆಮ್ಮ ಬರಲಿಲ್ಲ. ಬದಲಿಗೆ ಅದೇ ಊರಿನ ನಾಲ್ಕೈದು ಮಂದಿ ಚೀಲ ಹಿಡಿದು ಬಂದರು. ಹೂ ಅರೆಬರೆ ಒಣಗಿತ್ತು. ಒಂದು ಚೀಲದಲ್ಲಿ ಬೂಷ್ಟು ಹಿಡಿದಿತ್ತು. ಮೂರನೆಯ ವಾರ ಕಲೀಮುಲ್ಲಾ ತಾನೇ ಬಸ್ಸು ಹತ್ತಿದ.

ಆದೆಮ್ಮ ಅವನನ್ನು ಬದುವಿಗೆ ಕರೆದೊಯ್ದಳು. ಗಿಡಗಳಲ್ಲಿ ಹೂವಿರಲಿ, ಮೊಗ್ಗೂ ಇರಲಿಲ್ಲ. ಕೆಲವನ್ನು ಟೊಂಗೆ ಸಮೇತ ಮುರಿದಿದ್ದರು.

"ನನ್ನ ಹೆಸರು ಬರದೀರಂತ ಸಾಬ್ರ. ನನಗೊಂದು ಮಾತು ಕೇಳಿದ್ರೇನು?"

"ತಪ್ಪಾತು ಯವ್ವಾ. ನಿಮಗ ಮರ್ಯಾದಿ ಅಂತ ತಿಳದಿದ್ದೆ."

"ಮರ್ಯಾದಿ ಬ್ಯಾಡ ಅನ್ನಂಗಿಲ್ಲ. ನಾ ಒಂದು ಗಿಡದಾಗ ಅರ್ಧ ಬಿಡಿಸ್ತಿದ್ದೆ, ಅರ್ಧ ಕಾಯಿ ಕಟ್ಟಾಕ ಬಿಡ್ತಿದ್ದೆ. ಈಗ ನೋಡ್ರಿ, ಫೋಟೊ ನೋಡಿದ ಊರ ಮಂದಿ ಬಂದು ಎಲ್ಲಾ ಬಳದು ಒಯ್ದಾರ."

ಕಲೀಮುಲ್ಲಾ ತಲೆ ತಗ್ಗಿಸಿದ. ಶಿಕಾಗೋದ ಸಂತೆಯಲ್ಲಿ ಹಲಗೆಗಳನ್ನು ನೋಡಿದ್ದನೇ ಹೊರತು, ಆ ಹೆಸರಿನವರ ಹೊಲಕ್ಕೆ ಅವನು ಒಮ್ಮೆಯೂ ಹೋಗಿರಲಿಲ್ಲ. ಹಲಗೆ ಅಳಿಸುತ್ತೇನೆ, ಇನ್ನು ನಿಮ್ಮೊಬ್ಬರ ಹತ್ತಿರವೇ ಕೊಳ್ಳುತ್ತೇನೆ ಎಂದ.

ಆದೆಮ್ಮ ಒಪ್ಪಲಿಲ್ಲ. "ಅವರೂ ದುಡದು ಉಣ್ಣೋರ. ಎಲ್ಲಾರ ಕಡೆ ತಗೋರಿ. ಆದ್ರ ನಾ ನೋಡಿ ಹೂಂ ಅಂದದ್ದಷ್ಟ ತಗೋರಿ. ಟೊಂಗಿ ಮುರದವರದು ಮುಟ್ಟಬ್ಯಾಡ್ರಿ. ಗಿಡ ಚಿಗತು ಹೂ ಬಿಡೂತನ ಆ ಚಾ ಬಂದ್ ಇಡ್ರಿ."

ಅವನು ಹಾಗೆಯೇ ಮಾಡಿದ. ಮೂರು ತಿಂಗಳು ಗಿರಾಕಿಗಳು ಕೇಳಿ ಕೇಳಿ, ಶುಂಠಿ ಚಹಾ ಕುಡಿದು ಹೋದರು. ಗಿಡ ಹೂ ಬಿಟ್ಟ ಮೇಲೆ ಒಂದು ಮುಂಜಾನೆ ಆದೆಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಬಂದ ಆರು ಚೀಲಗಳಲ್ಲೂ ಮೊಣಕೈವರೆಗೆ ಕೈ ಇಳಿಸಿ, ಅಡಿಯ ಹೂ ತೆಗೆದು ಮೂಸಿದಳು. ನಾಲ್ಕನ್ನು ವಾಪಸು ಕಳಿಸಿದಳು. ಅದರಲ್ಲಿ ಒಂದು ಆಕೆಯ ನೆಗೆಣ್ಣಿ, ಮೈದುನನ ಹೆಂಡತಿ ಯಶೋಧಾಳದು.

"ಅಕ್ಕಾ, ನಂದೂ ಬ್ಯಾಡೇನು?"

"ಬಿಸಲಾಗ ಹರವೀದಿ, ಬಣ್ಣ ಹೋಗ್ಯಾದ. ಮುಂದಿನ ಸಲ ನಮ್ಮ ಪಡಸಾಲ್ಯಾಗ ನೆರಳಿಗೆ ತಂದು ಹರವು."

ಯಶೋಧಾ ಮುಖ ಊದಿಸಿಕೊಂಡೇ ಚೀಲ ಕಟ್ಟಿದಳು. ಮರುವಾರ ಇಬ್ಬರೂ ಒಂದೇ ಬಸ್ಸಿನಿಂದ ಇಳಿದರು; ಯಶೋಧಾಳ ಚೀಲದ ಹೂ ಹಳದಿಯಾಗಿಯೇ ಇತ್ತು.