ಕೊಯಿಲದ ತಿರುವಿನಲ್ಲಿ ಹಾರ್ನ್

‘ಹದಿಮೂರನೆಯ ದಿನದ ಉತ್ತರಕ್ರಿಯೆಯು’ ಎಂದು ಟೈಪ್ ಮಾಡಲು ಸುಪ್ರಿತಾ ‘ಹ’ ಒತ್ತಿದ್ದೇ ತಡ, ಮೇಜಿನ ಮೇಲಿನ ಸ್ಪೀಕರು ಬಸ್ಸಿನ ಹಾಗೆ ಉದ್ದಕ್ಕೆ ಹಾರ್ನ್ ಹಾಕಿತು. ಪರದೆಯಲ್ಲಿ ‘ಹ’ ಮಾತ್ರ ಬೀಳಲಿಲ್ಲ.

“ಎಂತ, ಕಡಬದ ಬಸ್ ಇಷ್ಟು ಬೇಗ ಬಂತಾ?” ಬಚ್ಚಲಿನಿಂದ ಗಂಡ ಲತೀಶ್ ಕೂಗಿ ಕೇಳಿದ.

“ಹ್ಞೂಂ,” ಎಂದಳು. ಆಲಂಕಾರಿನಲ್ಲಿ ಅವರ ಮನೆ ರಸ್ತೆಗೆ ತಾಗಿಯೇ ಇತ್ತು, ಸುಳ್ಳು ಸಲೀಸಾಗಿ ನಡೆಯಿತು. ಅವಳು ಸ್ಪೀಕರಿನ ತಿರುಗುಣಿಯನ್ನು ಪೂರ್ತಿ ಇಳಿಸಿ ಮತ್ತೆ ಟೈಪ್ ಮಾಡತೊಡಗಿದಳು. ಈ ಸಲ ಹಾರ್ನ್ ಕೇಳಿಸಲಿಲ್ಲ, ಆದರೆ ‘ದ’ ಬರಲಿಲ್ಲ, ‘ಸ’ ಬರಲಿಲ್ಲ, ‘ಅ’ ಮತ್ತು ‘ಡ’ ಕೂಡ ಇಲ್ಲ. ಉಳಿದ ಅಕ್ಷರಗಳೆಲ್ಲ ಸರಿಯಾಗಿದ್ದವು. ಕಾಗದ ಮಾಡಿಸಲು ಕೊಟ್ಟಿದ್ದ ತೀರ್ಥರಾಮನ ತೀರಿಕೊಂಡ ಅಮ್ಮನ ಹೆಸರು ಸುಂದರಿ. ಪರದೆಯ ಮೇಲೆ ಅವರದ್ದಾಗಿ ಉಳಿದದ್ದು ‘ಉಂರಿ’ ಎಂಬಷ್ಟೇ. ಸುಪ್ರಿತಾಳಿಗೆ ಏನೋ ಅಪಚಾರ ಮಾಡಿದಂತಾಗಿ ಅದನ್ನು ಗಡಿಬಿಡಿಯಿಂದ ಅಳಿಸಿದಳು.

ಹೆಗಲ ಮೇಲೆ ಬೈರಾಸು ಹಾಕಿಕೊಂಡು ಲತೀಶ್ ಹೊರಗೆ ಬಂದ. ಅವಳ ಬೆನ್ನ ಹಿಂದೆ ನಿಂತು ನೋಡಿದವನಿಗೆ ವಿಷಯ ಗೊತ್ತಾಯಿತು.

“ವೈರ್‌ಲೆಸ್ ಬೇಡ ಅಂತ ನಾನು ಆಗಲೇ ಹೇಳಿದ್ದೆ. ನಿನಗೆ ವೈರ್ ಕಂಡ್ರೆ ಆಗುದಿಲ್ಲ.” ಕೀಬೋರ್ಡನ್ನು ಎತ್ತಿ ಕವುಚಿ ಹಾಕಿ ಬೆನ್ನಿಗೆ ಎರಡು ಬಡಿದ. ಚಕ್ಕುಲಿಯ ಚೂರುಗಳ ಜೊತೆಗೆ ಒಂದಿಷ್ಟು ಇರುವೆಗಳು ಮೇಜಿನ ಮೇಲೆ ಬಿದ್ದು ದಿಕ್ಕಾಪಾಲಾದವು. ಲತೀಶನಿಗೆ ಖುಷಿಯಾಯಿತು. “ನೋಡು! ಇದರೊಳಗೆ ಒಂದು ಸಂಸಾರವೇ ಉಂಟು.”

ಇರುವೆಗಳು ಹೋದರೂ ‘ದ’ ಬರಲಿಲ್ಲ. ಟೀವಿಯ ರಿಮೋಟಿನಿಂದ ಬ್ಯಾಟರಿ ಕಿತ್ತು ತಂದು ಹಾಕಿದ. ಕಂಪ್ಯೂಟರಿನ ಹಿಂದೆ ಸಿಕ್ಕಿಸಿದ್ದ ಉಗುರಿನಷ್ಟು ಗಾತ್ರದ ರಿಸೀವರನ್ನು ತೆಗೆದು, ಉಫ್ ಎಂದು ಊದಿ, ಬೇರೆ ಕಂಡಿಗೆ ಚುಚ್ಚಿದ. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದ್ದೂ ಆಯಿತು.

“ಹೋಯ್ತು ಇದು. ಸಂಜೆ ಪುತ್ತೂರಿನಿಂದ ಬರುವಾಗ ಹೊಸತು ತರ್ತೇನೆ.”

“ಪ್ರೆಸ್ಸಿಗೆ ಮಧ್ಯಾಹ್ನದೊಳಗೆ ಕಳಿಸ್ಬೇಕು. ತೀರ್ಥರಾಮಣ್ಣ ಈಗ ನೋಡ್ಲಿಕ್ಕೆ ಬರ್ತಾರೆ.”

“ಅದಕ್ಕೆ ನಾನೆಂತ ಮಾಡ್ಲಿ ಮಾರಾಯ್ತಿ? ಅಕ್ಷರ ನಾನು ನುಂಗಿದ್ದಾ?”

ನಗುತ್ತಲೇ ಹೇಳಿದ. ರಿಮೋಟಿನ ಬ್ಯಾಟರಿಯನ್ನು ವಾಪಸು ಕೇಳಲೂ ಇಲ್ಲ. ಕೆಟ್ಟವನಲ್ಲ ಲತೀಶ್. ಅವನ ಕಾರು ಅಂಗಳದಿಂದ ರಸ್ತೆಗೆ ಇಳಿದು, ಗೇರ್ ಬದಲಿಸಿಕೊಂಡು ದೂರವಾಗುವುದನ್ನು ಸುಪ್ರಿತಾ ಕುಳಿತಲ್ಲಿಂದಲೇ ಕೇಳಿಸಿಕೊಂಡಳು. ಎರಡನೆಯ ಗೇರಿನಿಂದ ಮೂರಕ್ಕೆ ಅವನು ಯಾವಾಗಲೂ ತುಸು ಬೇಗ ಹಾಕುತ್ತಾನೆ. ಇಂಥದ್ದೆಲ್ಲ ಅವಳಿಗೆ ಈಚೆಗೆ ಗೊತ್ತಾಗುತ್ತಿತ್ತು.

ಆ ಹಾರ್ನ್ ಎಲ್ಲಿಂದ ಬಂತೆಂದೂ ಅವಳಿಗೆ ಗೊತ್ತಿತ್ತು.

ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಅವಳ ಬಳಿ ಆಮಂತ್ರಣದ ಕಾಗದ ಟೈಪ್ ಮಾಡಿಸುವವರೂ ಇಲ್ಲ. ಕೆಲಸವಿಲ್ಲದ ಅಂಥ ಒಂದು ಬೆಳಿಗ್ಗೆ ಅವಳು ಕಂಪ್ಯೂಟರಿಗೆ ಬಸ್ಸು ಓಡಿಸುವ ಆಟವೊಂದನ್ನು ಹಾಕಿಕೊಂಡಿದ್ದಳು. ಮೊದಮೊದಲು ಯಾವುದೋ ದೇಶದ ಅಗಲ ರಸ್ತೆಗಳು. ಆಮೇಲೆ, ಆಟಕ್ಕೆ ಹೊಸ ಬಸ್ಸು, ಹೊಸ ದಾರಿ ಮಾಡಿ ಸೇರಿಸುವ ಹುಡುಗರಿದ್ದಾರೆಂದೂ ಅದಕ್ಕೆ ಮಾಡ್ ಎನ್ನುತ್ತಾರೆಂದೂ ತಿಳಿಯಿತು. ಯಾರೋ ಒಬ್ಬ ಉಪ್ಪಿನಂಗಡಿಯಿಂದ ಕೊಯಿಲದ ಮೇಲೆ ಕಡಬಕ್ಕೆ ಹೋಗುವ ದಾರಿಯಂಥದ್ದೇ ಒಂದನ್ನು ಮಾಡಿಟ್ಟಿದ್ದ. ಅಂದಿನಿಂದ ಲತೀಶ್ ಹೊರಟ ಮೇಲೆ, ಅನ್ನಕ್ಕಿಟ್ಟು ಬಂದು, ಅವಳು ಒಂದು ಟ್ರಿಪ್ ಹೊಡೆಯುತ್ತಿದ್ದಳು.

ಒಂದೇ ಕೊರತೆಯಿತ್ತು. ಆ ಬಸ್ಸಿನ ಹಾರ್ನ್ ಸ್ಕೂಟರಿನ ಹಾಗೆ ಪೀ ಎನ್ನುತ್ತಿತ್ತು. ಅಂಥ ಹಾರ್ನ್ ಹಾಕಿಕೊಂಡು ಈ ಕಡೆಯ ತಿರುವುಗಳಿಗೆ ನುಗ್ಗಲು ಅವಳಿಗೆ ಧೈರ್ಯವೇ ಬರುತ್ತಿರಲಿಲ್ಲ. ಪರದೆಯ ಮೇಲಿನ ತಿರುವಾದರೂ ಕಾಲು ತಾನಾಗಿ ಮೇಜಿನ ಕೆಳಗೆ ಬ್ರೇಕು ಹುಡುಕುತ್ತಿತ್ತು. ಹಾಗಾಗಿ ನಿನ್ನೆ ಇನ್ನೊಂದು ಮಾಡ್ ಹುಡುಕಿ ಹಾಕಿದ್ದಳು. ನಮ್ಮ ಲೈನ್ ಬಸ್ಸುಗಳದ್ದೇ ಉದ್ದ ಹಾರ್ನ್, ಜೊತೆಗೆ ಕಂಡಕ್ಟರನ ಕೂಗು.

ಹಾರ್ನಿನ ಮೇಲೆ ಅವಳಿಗೆ ಅಷ್ಟೊಂದು ಜೀವ ಇದ್ದದ್ದಕ್ಕೆ ಬೇರೆ ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ಅವಳ ಬಳಿ ಕಲಿಯುವವರ ಲೈಸೆನ್ಸ್ ಇತ್ತು. ಆದಿತ್ಯವಾರ ಬೆಳಿಗ್ಗೆ ಲತೀಶ್ ಅವಳನ್ನು ಕೊಯಿಲದ ಜಾನುವಾರು ಫಾರ್ಮಿನ ಪಕ್ಕದ ರಸ್ತೆಗೆ ಕರೆದೊಯ್ದು ಕಾರು ಕಲಿಸುತ್ತಿದ್ದ. ಒಂದು ತಿರುವಿನಲ್ಲಿ ಅವಳು ಹಾರ್ನ್ ಹಾಕಲು ಮರೆತಳು. ಎದುರಿನಿಂದ ಬಸ್ಸು ಬಂತು. ಅವಳು ಬ್ರೇಕು ಒತ್ತಿದಳು, ಕಾರು ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಲತೀಶ್ ಇಳಿದು ಬಂದು ಅವಳ ಕಡೆಯ ಬಾಗಿಲು ತೆರೆದು, “ಆಚೆ ಕೂತ್ಕೋ,” ಎಂದ. ಮನೆಗೆ ಬಂದ ಮೇಲೆ ಬೈಯಲೂ ಇಲ್ಲ. ಮುಂದಿನ ಆದಿತ್ಯವಾರ ಕೀಲಿ ಕೊಡಲಿಲ್ಲ. ಅದರ ಮುಂದಿನದ್ದಕ್ಕೂ. ನೆಂಟರು ಬಂದಾಗ, “ಇವಳಾ? ಇವಳು ಹಾರ್ನೇ ಹಾಕದೆ ಬಸ್ಸಿಗೆ ದಾರಿ ತೋರಿಸಿದವಳು,” ಎಂದು ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು.

ಈಗ ಕಂಪ್ಯೂಟರಿನ ಅಂಗಡಿಯವರು ಬಂದು ನೋಡಿದರೆ ಆಟ ಹೊರಬೀಳುತ್ತದೆ. ಲತೀಶನಿಗೆ ಮುಂದಿನ ನೆಂಟರಿಗಾಗಿ ಇನ್ನೊಂದು ಕತೆ ಸಿಗುತ್ತದೆ. ಸುಪ್ರಿತಾ ಆಟದ ಚಿತ್ರದ ಮೇಲೆ ಮೌಸಿನ ಬಾಣವಿಟ್ಟು, ಅಳಿಸಿಬಿಡಲೇ ಎಂದು ನೋಡಿದಳು. ಬೆರಳು ಏಳಲಿಲ್ಲ.

ಅಷ್ಟರಲ್ಲಿ ತೀರ್ಥರಾಮ ಬಂದ. ಬೋಳಿಸಿದ ತಲೆಗೆ ಮುಂಡಾಸು ಸುತ್ತಿಕೊಂಡಿದ್ದ. ಸುಂದರಿಯಮ್ಮನ ಹಿರಿಯ ಮಗ.

“ಆಯ್ತಾ ಸುಪ್ರಿತಕ್ಕ?”

“ಕೀಬೋರ್ಡ್ ಹಾಳಾಗಿದೆ ತೀರ್ಥರಾಮಣ್ಣ. ಹಳೇದೊಂದು ಉಂಟು, ಕೂತ್ಕೊಳ್ಳಿ.”

ಅಟ್ಟದಿಂದ ವೈರಿರುವ ಹಳೆಯ ಕೀಬೋರ್ಡ್ ಇಳಿಸಿ, ಮೇಜಿನ ಹಿಂದೆ ಬಗ್ಗಿ ಸಿಕ್ಕಿಸಿದಳು. ಆಗ ಮೊಣಕೈ ಸ್ಪೀಕರಿನ ತಿರುಗುಣಿಗೆ ತಾಗಿದ್ದು ಅವಳ ಗಮನಕ್ಕೆ ಬರಲಿಲ್ಲ. ಎದ್ದು ಬಂದು ‘ಹ’ ಒತ್ತಿದಳು. ಮನೆ ನಡುಗುವಂತೆ ಹಾರ್ನ್! ಹೆದರಿ ಎಂಟರ್ ಒತ್ತಿದರೆ ಕಂಡಕ್ಟರ್ ಗಂಟಲು ಬಿಟ್ಟು ಕೂಗಿದ: “ರೈಟ್, ಪೋಯಿ!”

ತೀರ್ಥರಾಮ ಕುರ್ಚಿಯಿಂದ ಅರ್ಧ ಎದ್ದವನು ಹಾಗೇ ನಿಂತ. ಸುಪ್ರಿತಾಳಿಗೆ ನೆಲ ಬಾಯ್ದೆರೆಯಬಾರದೇ ಎನಿಸಿತು. ಸಾವಿನ ಕಾಗದದ ಮುಂದೆ ತುಳುವಿನಲ್ಲಿ ‘ಹೋಗೋಣ’ ಎಂದು ಕೂಗಿದೆ ಕಂಪ್ಯೂಟರು.

“ತಪ್ಪು ತಿಳ್ಕೊಬೇಡಿ ಅಣ್ಣ, ಇದು...”

ಆದರೆ ತೀರ್ಥರಾಮ ನಗುತ್ತಿದ್ದ. ಮೊದಲು ಸದ್ದಿಲ್ಲದೆ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು. “ಎಂತ ಹೇಳುದು ಮಾರಾಯ್ತಿ! ಅಮ್ಮನಿಗೆ ಬಸ್ಸಿಗೆ ಕಾದು ಕಾದೇ ಅರ್ಧ ಆಯುಷ್ಯ ಹೋಯ್ತು. ‘ಯಾರಾದ್ರೂ ಸ್ವಲ್ಪ ಪೇಟೆಗೆ ಬಿಡಿಯಾ’ ಅಂತ ಕೇಳುದು, ನಾವು ‘ನಾಳೆ, ನಾಳೆ’ ಅನ್ನುದು. ಕಡೆಗೆ ಕೇಳುದೇ ಬಿಟ್ರು.” ಮುಂಡಾಸಿನ ತುದಿಯಿಂದ ಮುಖ ಒರೆಸಿಕೊಂಡ. “ಅವರು ಹೋದ ಮೇಲೆ ನನಗೆ ಇವತ್ತೇ ನಗೆ ಬಂದದ್ದು. ನಾನು ಹೊರಗೆ ಕೂತ್ಕೊಳ್ತೇನೆ, ನೀವು ನಿಧಾನ ಮಾಡಿ.”

ಎರಡು ಕೀಬೋರ್ಡಿಗೂ ಒಂದೇ ರೋಗವೆಂದ ಮೇಲೆ ರೋಗ ಕೀಬೋರ್ಡಿನದ್ದಲ್ಲ. ಸುಪ್ರಿತಾ ಮೇಜಿನ ಬಳಿಯೇ ನಿಂತು ಆಫ್ರಾಳಿಗೆ ಫೋನ್ ಮಾಡಿದಳು. ಪುತ್ತೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವಳು, ಈ ಕೀಬೋರ್ಡ್ ಮಾರಿದವಳೂ ಅವಳೇ.

“ವೈರ್ ಇರುವುದರಲ್ಲೂ ಹಾಗೇ ಆಗ್ತದಾ ಅಕ್ಕಾ? ಹಾಗಾದ್ರೆ ಕೀಬೋರ್ಡ್ ಪಾಪದ್ದು. ಒಳಗೆ ಯಾರೋ ಕೂತು ಅಕ್ಷರ ಹಿಡೀತಾ ಇದ್ದಾರೆ. ಹೊಸತಾಗಿ ಎಂತ ಹಾಕಿದ್ರಿ?”

“ಎಂತ ಇಲ್ಲ.”

“ಯಾವ ಯಾವ ಕೀ ಹೇಳಿ ನೋಡುವ.”

ಸುಪ್ರಿತಾ ಹೇಳಿದಳು. ಆಫ್ರಾ ಅವನ್ನು ತನ್ನ ಕೀಬೋರ್ಡಿನಲ್ಲಿ ಒಂದೊಂದಾಗಿ ಒತ್ತಿ ನೋಡಿದ ಸದ್ದು ಕೇಳಿಸಿತು. “ಆಟಗಳಲ್ಲಿ ಇವೇ ಕೀ: ಮುಂದೆ, ಹಿಂದೆ, ಎಡ, ಬಲ, ಹಾರ್ನ್. ಅಕ್ಕಾ, ನಿಮ್ಮಲ್ಲಿ ಗಾಡಿ ಓಡಿಸುದು ಯಾರು?”

ನೆಂಟರ ಮಕ್ಕಳು ಬಂದಿದ್ದರು ಎಂಬ ಮಾತು ನಾಲಗೆಯ ತುದಿಯಲ್ಲಿ ತಯಾರಾಗಿತ್ತು. ಸುಪ್ರಿತಾ ಅದನ್ನು ನುಂಗಿದಳು.

“ನಾನೇ,” ಎಂದಳು.

“ಬಸ್ಸಾ, ಲಾರಿಯಾ?”

ಅಷ್ಟೇ. ಗಾಡಿ ಯಾವುದೆಂಬುದಷ್ಟೇ ಕೇಳಬೇಕಾದ ಮಾತು ಎಂಬಂತೆ. ಸುಪ್ರಿತಾ ಗೋಡೆಗೆ ಒರಗಿಕೊಂಡಳು. “ಬಸ್ಸು.”

“ಹಾರ್ನ್ ಬೇರೆ ಹಾಕಿದ್ರಾ?”

“ಹ್ಞೂಂ. ತಿರುವಿನಲ್ಲಿ ಹಾರ್ನ್ ಹಾಕದೆ ಹೋಗುದು ಹೇಗೆ?”

“ಅದು ಹೌದು! ಆ ಹಾರ್ನೇ ನಿಮ್ಮ ಕಳ್ಳ. ಆಟ ಮುಚ್ಚಿದ್ರೂ ಅದು ಮುಚ್ಚುದಿಲ್ಲ, ಕಂಪ್ಯೂಟರ್ ಹಚ್ಚಿದ ಕೂಡಲೇ ಎದ್ದು ಕೂತ್ಕೊಳ್ತದೆ. ಕೆಳಗೆ ಗಡಿಯಾರದ ಹತ್ತಿರ ಸಣ್ಣ ಬಾಣ ಉಂಟಲ್ಲ, ಒತ್ತಿ. ಹಾರ್ನಿನ ಚಿತ್ರ ಕಾಣ್ತದಾ? ಅದನ್ನು ಬಂದ್ ಮಾಡಿ. ತನ್ನಷ್ಟಕ್ಕೆ ಶುರುವಾಗುದನ್ನೂ ತೆಗೆದುಬಿಡುವ.”

“ಆಟವನ್ನೇ ತೆಗೀಬೇಕಾ?”

“ಆಟ ಎಂತ ಮಾಡಿದೆ? ಇರ್ಲಿ. ಓಡಿಸುವಾಗ ಹಾರ್ನ್ ಹಚ್ಚಿ, ಇಳಿಯುವಾಗ ಆರಿಸಿ.”

‘ಹ’ ಸದ್ದಿಲ್ಲದೆ ಬಂದು ಕುಳಿತಿತು. ‘ದ’ ಬಂತು, ‘ಸ’ ಬಂತು. ಸುಪ್ರಿತಾ ಎಲ್ಲಕ್ಕಿಂತ ಮೊದಲು ಸುಂದರಿಯಮ್ಮನ ಹೆಸರನ್ನು ಪೂರ್ತಿ ಮಾಡಿದಳು. ತೀರ್ಥರಾಮ ಒಳಗೆ ಬಂದು ಎರಡು ಸಲ ಓದಿ, ಹೆಸರಿನ ಕೆಳಗೆ ಬೆರಳಿಟ್ಟು ನೋಡಿ, ಸರಿ ಎಂದು ತಲೆಯಾಡಿಸಿದ.

ಅವನು ಹೋದ ಮೇಲೆ ಕಾಗದವನ್ನು ಪ್ರೆಸ್ಸಿಗೆ ಕಳಿಸಿ, ಅವಳು ಹಾರ್ನ್ ಹಚ್ಚಿಕೊಂಡು ಒಂದು ಟ್ರಿಪ್ ಹೊರಟಳು. ಕೊಯಿಲದ್ದೆಂದು ಅವಳು ಗುರುತಿಟ್ಟಿದ್ದ ತಿರುವು ಬಂತು. ಬಸ್ಸಿನ ಎತ್ತರದ ಸೀಟಿನಿಂದ ನೋಡಿದರೆ ತಿರುವಿನ ಆಚೆ ಬರುವುದು ಚೆನ್ನಾಗಿ ಕಾಣುತ್ತದೆ. ಕಾರಿನಿಂದ ಕಾಣುವುದಿಲ್ಲ. ಅವಳು ಉದ್ದಕ್ಕೆ ಹಾರ್ನ್ ಹಾಕಿದಳು. ಆಗ ಇದ್ದಕ್ಕಿದ್ದಂತೆ ನೆನಪಾಯಿತು: ಆ ಆದಿತ್ಯವಾರ ಎದುರಿನಿಂದ ಬಂದ ಬಸ್ಸಿನವನೂ ಹಾರ್ನ್ ಹಾಕಿರಲಿಲ್ಲ. ಮರೆತವರು ಇಬ್ಬರು. ಅವನು ಮಾರನೆಯ ದಿನವೂ ಬಸ್ಸು ಓಡಿಸಿರಬೇಕು.

ಸಂಜೆ ಲತೀಶ್ ಹೊಸ ಕೀಬೋರ್ಡಿನೊಂದಿಗೆ ಬಂದ. ಬೆಳಿಗ್ಗೆ ಕೆಟ್ಟಿದ್ದದ್ದು ಸರಿಯಾಗಿದೆ ಎಂದಾಗ ಅವನಿಗೆ ಆಶ್ಚರ್ಯ. “ಎಂತ ಆಗಿತ್ತು ಅದಕ್ಕೆ?”

“ಕೀಬೋರ್ಡಿಗೆ ಎಂತ ಆಗಿರ್ಲಿಲ್ಲ.”

“ನಾನು ಹೇಳಿಲ್ವಾ, ಇರುವೆ! ಹೋದ ಮೇಲೆ ಸರಿಯಾಯ್ತು.” ರಿಮೋಟಿಗೆ ಬ್ಯಾಟರಿ ಹಾಕುತ್ತ ಹೇಳಿದ, “ಹಾಗಾದ್ರೆ ಇದನ್ನು ನಾಳೆ ನೀನೇ ಪುತ್ತೂರಿಗೆ ಹೋಗಿ ಆಫ್ರಾನ ಅಂಗಡಿಗೆ ವಾಪಸ್ ಕೊಟ್ಟು ಬಾ. ನನಗೆ ನಾಳೆ ಸುಳ್ಯದಲ್ಲಿ ಕೆಲಸ ಉಂಟು.”

“ಆಯ್ತು.”

ಆಫ್ರಾಳ ಅಂಗಡಿಯ ಸಾಲಿನಲ್ಲೇ, ನಾಲ್ಕು ಅಂಗಡಿ ದಾಟಿದರೆ, ಹಳದಿ ಬೋರ್ಡಿನ ಡ್ರೈವಿಂಗ್ ಶಾಲೆಯಿತ್ತು. ಬಸ್ಸಿನ ಕಿಟಕಿಯಿಂದ ಅದನ್ನು ಎಷ್ಟು ಸಲ ಓದಿದ್ದಳೋ. ಸುಪ್ರಿತಾ ದೊಡ್ಡ ಚೀಲ ತೆಗೆದು ಕೀಬೋರ್ಡಿನ ಪೆಟ್ಟಿಗೆ ಇಟ್ಟಳು. ಕಪಾಟಿನಿಂದ ಆಧಾರ್ ಕಾರ್ಡನ್ನೂ ಎರಡು ಫೋಟೋಗಳನ್ನೂ ತಂದು ಪೆಟ್ಟಿಗೆಯ ಅಡಿಗೆ ಸರಿಸಿದಳು.

“ಅಷ್ಟು ದೊಡ್ಡ ಚೀಲ ಯಾಕೆ?” ಟೀವಿಯ ಮುಂದಿನಿಂದ ಲತೀಶ್ ಕೇಳಿದ.

“ಕೀಬೋರ್ಡ್ ಉಂಟಲ್ಲ,” ಎಂದಳು, ಜಿಪ್ ಎಳೆದಳು.