ಸೈಕಲ್ಲಿಗಾಗಿ ಅತ್ತವನು

ಮರದ ತೊಗಟೆ ಬಡಿದು ಮಾಡಿದ ಬಟ್ಟೆಯಲ್ಲಿ ಸುತ್ತಿದ ದೇಹವನ್ನು ಆರು ಜನ ಎತ್ತಿದ್ದರಷ್ಟೆ, ಚಪ್ಪರದ ಧ್ವನಿವರ್ಧಕದಲ್ಲಿ ಗಂಡಸೊಬ್ಬ ಬಿಕ್ಕಿ ಬಿಕ್ಕಿ ಅಳುವ ಸದ್ದು ಕೇಳಿತು. "ನನ್ನ ಸೈಕಲ್ಲು ಹೋಯ್ತಲ್ರೋ! ಇನ್ನು ಯಾರನ್ನ ಕೂರಿಸ್ಕೊಂಡು ಹೋಗ್ಲಿ?"

ಹೊತ್ತವರಲ್ಲೊಬ್ಬನಾದ ಕಾಟೊನ ಕೈಯಿಂದ ಬಟ್ಟೆಯ ತುದಿ ಜಾರಿತು.

"ಹುಷಾರು! ಅಣ್ಣನ್ನ ಬೀಳಿಸ್ಬಿಟ್ಟೀಯ," ಎಂದು ಪಕ್ಕದವನು ಗದರಿದ.

ಊರ ಅಧ್ಯಕ್ಷ ಮೊಬೈಲಿನ ಆ ವಿಡಿಯೋವನ್ನು ಮೈಕಿಗೆ ಹಿಡಿದಿದ್ದ. "ರಾಜಧಾನಿ ಕಂಪಾಲದೋರಿಗೆ ನಮ್ಮೂರಿನ ಹೆಸ್ರೇ ಗೊತ್ತಿರ್ಲಿಲ್ಲ. ಗೊತ್ತಾಗಿದ್ದು ನಮ್ಮ ವಾಸ್ವನ ಈ ಅಳುವಿಂದ. ಇಡೀ ದೇಶಾನೇ ನಗಿಸಿ ಹಾರಿಹೋದ!"

ಆ ಸೀಮೆಯಲ್ಲಿ ಅವಳಿಗಳನ್ನು ಸತ್ತರು ಎನ್ನುವುದಿಲ್ಲ, ಹಾರಿಹೋದರು ಎನ್ನುತ್ತಾರೆ. ವಾಸ್ವ ಹಾರಿಹೋಗಿದ್ದ. ಅದೇ ಮುಖ ಹೊತ್ತ ಕಾಟೊ ಉಳಿದಿದ್ದ. ಮಸಾಕ ಪಟ್ಟಣದಿಂದ ಬಂದ ಹುಡುಗ ಹುಡುಗಿಯರು ಮೊಬೈಲ್ ಹಿಡಿದು ಅವನನ್ನು ಮುತ್ತಿಕೊಂಡರು.

"ಅಯ್ಯೋ, ಥೇಟ್ ಅವರೇ! ಅಂಕಲ್, ಒಂದೇ ಒಂದ್ಸಲ ಅತ್ತು ತೋರ್ಸಿ."

*

ಆರು ವರ್ಷದ ಹಿಂದೆ ಕಾಟೊ ತನ್ನ ಹೆಂಡತಿ ನಮುಲಿಯನ್ನು ವಾರಕ್ಕೊಮ್ಮೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಅವಳನ್ನು ಮಣ್ಣು ಮಾಡಿ ಮೂರು ವಾರಕ್ಕೆ, ಬಾಳೆಗೊನೆ ಮಾರಲು ಸಂತೆಗೆ ಹೋದಾಗ, ಆ ಸೈಕಲ್ಲು ಕಳುವಾಯಿತು. ಕಾಟೊ ಸಂತೆಯ ನಡುವೆಯೇ ಕುಸಿದು ಕೂತು ಅತ್ತ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಮಾರನೆಯ ಸಂಜೆಯ ಹೊತ್ತಿಗೆ ಅದಕ್ಕೆ ಡೋಲು ಸೇರಿಸಿ ಹಾಡು ಮಾಡಿದ್ದರು. ಫುಟ್‌ಬಾಲ್ ತಂಡ ಸೋತರೆ ಜನ ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಅವನ ಅಳುಮುಖ ಕಳಿಸುತ್ತಿದ್ದರು. ಮಕ್ಕಳು ಅವನ ಬೆನ್ನುಬಿದ್ದು ಬಿಕ್ಕುತ್ತಿದ್ದವು.

ಬಸ್‌ಸ್ಟ್ಯಾಂಡಿನಲ್ಲಿ ಚಪಾತಿ ಬೇಯಿಸುತ್ತಿದ್ದ ವಾಸ್ವ ಒಂದು ದಿನ ಎಲ್ಲರಿಗೂ ಕೇಳುವಂತೆ ಹೇಳಿದ: "ಅತ್ತಿದ್ದು ನಾನು ಕಣ್ರೋ. ನನ್ನ ತಮ್ಮನ್ನ ಬಿಟ್ಬಿಡಿ."

ಆಮೇಲೆ ಕಾಟೊನನ್ನು ದೋಣಿ ಹತ್ತಿಸಿದ. "ನೀನು ದ್ವೀಪಕ್ಕೆ ಹೋಗಿ ಮೀನು ಒಣಗಿಸ್ಕೊಂಡಿರು. ನನ್ದು ದಪ್ಪ ಚರ್ಮ."

ಅಲ್ಲಿ ಯಾರೂ ಕಾಟೊನ ಗುರುತು ಹಿಡಿಯಲಿಲ್ಲ. ಮಾತಾಡಿಸಲೂ ಇಲ್ಲ. ವರ್ಷಕ್ಕೊಮ್ಮೆ ಅಣ್ಣ ಬಂದಾಗ ಇಬ್ಬರೂ ದಂಡೆಯಲ್ಲಿ ಕೂತು ಮೀನು ಸುಟ್ಟು ತಿನ್ನುತ್ತಿದ್ದರು. ಊರಲ್ಲಿ ನಿನಗೆ ಹೇಗಾಗುತ್ತಿದೆ ಎಂದು ಕಾಟೊ ಕೇಳಲಿಲ್ಲ, ಅಣ್ಣನೂ ಹೇಳಲಿಲ್ಲ.

*

ಬಾಳೆತೋಟದ ಅಂಚಿನ ಗುಂಡಿಯ ಪಕ್ಕ ದೇಹ ಇಳಿಸಿದರು. ಚಾಪೆಯ ಮೇಲೆ ಕೂತಿದ್ದ ಅತ್ತಿಗೆ ನಸ್ಸಾಲಿಯ ಬಳಿ ಕಾಟೊ ಮಂಡಿಯೂರಿದ.

"ಅತ್ತಿಗೆ, ಅಣ್ಣಂಗೆ ಕಷ್ಟ ಆಗ್ತಿತ್ತಾ?"

"ಮೊದಮೊದಲು ನಗ್ತಿದ್ದ. ಆಮೇಲೆ ಬಸ್ಸಿಳಿದೋರು ಚಪಾತಿ ಕೇಳ್ತಿರ್ಲಿಲ್ಲ, ಅಳು ಕೇಳೋರು. ಅತ್ತು ತೋರ್ಸಿ ಕಳಿಸೋನು. ನಮ್ಮ ದೊಡ್ಡ ಮಗಳು ತೀರ್ಹೋದಾಗ ಮಾತ್ರ ಒಂದು ಹನಿ ಹಾಕ್ಲಿಲ್ಲ. ಅತ್ರೆ ನಗ್ತಾರೆ ನಸ್ಸಾಲಿ, ಅಂದ."

"ನನ್ನ ವಿಷ್ಯ ನಿಮ್ಗೇನಾದ್ರೂ ಹೇಳಿದ್ನಾ?"

"ಇಲ್ಲ." ಅವಳು ಅವನನ್ನೇ ನೋಡಿದಳು. "ಕಟ್ಕೊಂಡ ಗಂಡನ ಅಳು ಯಾವ್ದು, ಯಾವ್ದಲ್ಲ ಅಂತ ನಂಗೆ ಗೊತ್ತಾಗಲ್ವೇನೋ?"

ಕಾಟೊ ಎದ್ದು ಹೋಗಿ ಅಧ್ಯಕ್ಷನ ಕೈಯಿಂದ ಮೈಕು ತೆಗೆದುಕೊಂಡ.

"ಆ ವಿಡಿಯೋದಲ್ಲಿರೋದು ನಾನು. ನಮ್ಮಣ್ಣ ಅಲ್ಲ."

ನೆರೆದವರಲ್ಲಿ ನಗು ಎದ್ದಿತು. "ಭಲೇ, ತಮ್ಮನೂ ಕಮ್ಮಿ ಇಲ್ಲ!" ಎಂದರು ಯಾರೋ.

"ನಮ್ಮ ನಮುಲಿ ಆ ಸೈಕಲ್ಲಲ್ಲಿ..." ಎನ್ನುತ್ತಿದ್ದಂತೆ ಅಳು ನುಗ್ಗಿ ಬಂತು. ಆರು ವರ್ಷದಿಂದ ದೇಶವೆಲ್ಲ ಕೇಳಿದ್ದ ಅದೇ ಅಳು. ನಗು ನಿಂತಿತು. ಮೊಬೈಲುಗಳು ಮಾತ್ರ ಇನ್ನಷ್ಟು ಮೇಲೇರಿದವು.

ನಸ್ಸಾಲಿ ಚಾಪೆಯಿಂದ ಎದ್ದಳು. ಹೊದ್ದಿದ್ದ ಅಗಲವಾದ ಬಟ್ಟೆಯನ್ನು ಬಿಚ್ಚಿ, ಎರಡೂ ಕೈ ಚಾಚಿ ಹಿಡಿದು, ಮೊಬೈಲುಗಳಿಗೆ ಮೈದುನ ಕಾಣದಂತೆ ಅಡ್ಡ ನಿಂತಳು. ಗಾಳಿಗೆ ಬಟ್ಟೆ ಹಾರುತ್ತಿತ್ತು. ಅವಳ ತೋಳುಗಳು ಸೋತವು, ಆದರೂ ಕೆಳಗಿಳಿಯಲಿಲ್ಲ.