ಅಲೀಮಮ್ಮನ ಹೆಸರಿನ ರಕ್ತ

ಈಶ್ವರಮಂಗಲದ ಸಮುದಾಯ ಭವನದಲ್ಲಿ ಮೇಜಿನ ಹಿಂದೆ ಕುಳಿತಿದ್ದ ಕೃಷ್ಣಮೋಹನ ಕೆಂಪು ಪೆನ್ನು ತೆಗೆದು ಪಟ್ಟಿಯಲ್ಲಿದ್ದ ಅಲೀಮಮ್ಮನ ಹೆಸರಿನ ಮೇಲೆ ಗೀಟು ಎಳೆದ. ಅದನ್ನು ಕಂಡದ್ದೇ ಅಲೀಮಮ್ಮನಿಗೆ ಕಿವಿಯವರೆಗೂ ಬಿಸಿ ಏರಿತು.

"ಎಂತ ಮಾಡುದು ನೀವು?"

"ನೀವು ಹಾಳು ಮಾಡಿದ್ದನ್ನು ಸರಿ ಮಾಡುದು."

ಅವಳು ಹಾಳು ಮಾಡಿದ್ದು ಇಷ್ಟೇ. ಹದಿನೈದು ದಿನಗಳ ಹಿಂದೆ ಕೃಷ್ಣಮೋಹನನ ಸಂಶೋಧನಾ ಸಂಸ್ಥೆಯವರು ರಕ್ತ ತೆಗೆಯಲು ಊರಿಗೆ ಬಂದಿದ್ದರು. ಹೃದಯ ಸೋಲತೊಡಗಿದರೆ ರಕ್ತದಲ್ಲಿ ಒಂದು ಅಂಶ ಹೆಚ್ಚಾಗುತ್ತದಂತೆ. ಕಾಯಿಲೆ ಜೋರಾಗುವ ಮೊದಲೇ ಅದರಿಂದ ಗುರುತು ಹಿಡಿಯಬಹುದೇ ಎಂದು ಸಾಮಾನ್ಯ ಜನರಲ್ಲಿ ನೋಡುವುದು ಅವರ ಕೆಲಸ. ಎಲ್ಲರಿಗೂ ಅಲ್ಲ, ಮತದಾರರ ಪಟ್ಟಿಯಿಂದ ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಎತ್ತಿದವರಿಗೆ ಮಾತ್ರ ಟೋಕನ್. ಅಲೀಮಮ್ಮನಿಗೆ ಬಂತು, ಪಕ್ಕದ ಮನೆಯ ಕಮಲಾವತಿಗೆ ಬರಲಿಲ್ಲ. ಆದರೆ ನಾಲ್ಕು ಮೆಟ್ಟಿಲು ಹತ್ತಿ ಬಾಗಿಲು ಹಿಡಿದು ನಿಲ್ಲುತ್ತಿದ್ದವಳು, ರಾತ್ರಿ ಮೂರು ದಿಂಬು ಇಟ್ಟು ಮಲಗುತ್ತಿದ್ದವಳು ಕಮಲಾವತಿ.

ಇಬ್ಬರೂ ಒಂದೇ ಜಗಲಿಯಲ್ಲಿ ಬೀಡಿ ಕಟ್ಟಿದವರು. ಮರ್ಕಂಜದಿಂದ ಮದುವೆಯಾಗಿ ಬಂದ ಕಮಲಾವತಿಗೆ ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿನಲ್ಲಿ ತನ್ನ ಹೆಸರಿನ ಪಾಸ್‌ಬುಕ್ ಇರಲಿಲ್ಲ. ಎಂಟು ವರ್ಷ ಅವಳು ಕಟ್ಟಿದ ಬೀಡಿ ಅಲೀಮಮ್ಮನ ಹೆಸರಿನಲ್ಲೇ ಹೋಯಿತು. ಬ್ರಾಂಚಿನವರಿಗೂ ಗೊತ್ತು, ಊರಿಗೂ ಗೊತ್ತು. ಹಾಗಾಗಿ ಟೋಕನ್ ಕೈಗೆ ಬಂದಾಗ ಅಲೀಮಮ್ಮ ಎರಡನೇ ಸಲ ಯೋಚಿಸಲಿಲ್ಲ. "ನನಗೆಂತ ರೋಗ? ನೀನು ಹೋಗು ಕಮಲಕ್ಕ," ಎಂದು ಕೊಟ್ಟುಬಿಟ್ಟಳು. ಅಂದು ಮೇಜಿನವರು ಟೋಕನ್ ನೋಡಿದರು, ಮುಖ ನೋಡಲಿಲ್ಲ.

ಈಗ ಫಲಿತಾಂಶ ಬಂದಿತ್ತು. ನೂರಿಪ್ಪತ್ತೈದರ ಒಳಗೆ ಇರಬೇಕಾದ ಅಂಕೆ ಸಾವಿರದ ಎಂಟುನೂರು ದಾಟಿತ್ತು. ಹೃದಯದ ಸ್ಕ್ಯಾನಿಗೆ ಪುತ್ತೂರಿಗೆ ಕರೆದುಕೊಂಡು ಹೋಗಲು ವ್ಯಾನು ಹೊರಗೆ ನಿಂತಿತ್ತು. ಸುಮ್ಮನೆ ಕಮಲಾವತಿಯನ್ನು ಹತ್ತಿಸಿಬಿಡಬಹುದಿತ್ತು. ಆದರೆ ಸ್ಕ್ಯಾನು, ಮಾತ್ರೆ, ನಾಳೆ ಆಪರೇಷನ್ ಎಂದರೆ ಅದೂ, ಎಲ್ಲ ಅಲೀಮಮ್ಮನ ಹೆಸರಿನಲ್ಲಾದರೆ ಹೇಗೆ ಎಂದು ಇಬ್ಬರೂ ಬಂದು ಇದ್ದದ್ದು ಇದ್ದ ಹಾಗೆ ಹೇಳಿದ್ದರು.

"ಇವರ ಹೆಸರು ಪಟ್ಟಿಯಲ್ಲಿಲ್ಲ. ನಿಮ್ಮ ರಕ್ತ ನಮ್ಮಲ್ಲಿಲ್ಲ. ಇಬ್ಬರೂ ಇಲ್ಲ. ಮುಗೀತು," ಎಂದ ಕೃಷ್ಣಮೋಹನ. "ಒಂದು ಸ್ಯಾಂಪಲ್ ತಪ್ಪಿದ್ರೆ ನಾನು ಎಷ್ಟು ಜನಕ್ಕೆ ಉತ್ತರ ಹೇಳ್ಬೇಕು ಗೊತ್ತುಂಟಾ?"

"ರಕ್ತ ತೆಗೆದದ್ದು ಹೃದಯ ನೋಡ್ಲಿಕ್ಕಾ, ಹೆಸರು ನೋಡ್ಲಿಕ್ಕಾ ಮಾರಾಯ್ರೆ?"

"ಕಂಪ್ಯೂಟರು ಆರಿಸಿದವರನ್ನು ಮಾತ್ರ..."

"ನಿಮ್ಮ ಕಂಪ್ಯೂಟರಿಗೆ ಇವಳ ಏದುಸಿರು ಕೇಳ್ತದಾ? ನನಗೆ ಗೋಡೆಯಾಚೆಯಿಂದ ಕೇಳ್ತದೆ!"

ಕಮಲಾವತಿ ಅವಳ ಸೆರಗು ಜಗ್ಗಿದಳು. "ಸಾಕು, ಬಾ. ಟೋಕನ್ ಕೊಡು ಅಂತ ನಾನು ಕೇಳಿದ್ನಾ ನಿನ್ನತ್ರ? ಊರೆಲ್ಲ ನೋಡ್ತಾ ಉಂಟು."

"ನೋಡ್ಲಿ! ನೀನು ಬಾಯಿ ಮುಚ್ಚಿ ಕೂತ್ಕೋ, ಇರುವ ಉಸಿರು ಉಳಿಸ್ಕೋ." ಕೂರಲು ಅಲ್ಲಿ ಕುರ್ಚಿ ಇರಲಿಲ್ಲ. ಅಲೀಮಮ್ಮ ಮೇಜಿನತ್ತ ತಿರುಗಿದಳು. "ಹಾಗಾದ್ರೆ ಆ ರಿಸಲ್ಟಿನ ಕಾಗದ ಕೊಡಿ. ನನ್ನ ಹೆಸರು ಉಂಟಲ್ಲ ಅದರಲ್ಲಿ."

"ರಕ್ತ ನಿಮ್ಮದಲ್ಲ."

"ಅವಳಿಗೆ ಕೊಡಿ."

"ಹೆಸರು ಅವರದಲ್ಲ."

ಅಲೀಮಮ್ಮ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಎಂಟು ವರ್ಷ ಸುಳ್ಳು ಹೆಸರಿನಲ್ಲಿ ಬೀಡಿ ಕೊಟ್ಟಾಗ ಯಾರೂ ಹಿಡಿಯಲಿಲ್ಲ. ಇವತ್ತು ಸತ್ಯ ಹೇಳಲು ಬಂದದ್ದೇ ತಪ್ಪಾಯಿತು. ಬಾಯಿ ಬಿಡದಿದ್ದರೆ ಇಷ್ಟು ಹೊತ್ತಿಗೆ ಕಮಲಾವತಿ ವ್ಯಾನಿನ ಕಿಟಕಿ ಪಕ್ಕ ಕೂತಿರುತ್ತಿದ್ದಳು. ಆ ಸಿಟ್ಟು ಕೃಷ್ಣಮೋಹನನ ಮೇಲೆ ಎಷ್ಟೋ, ತನ್ನ ನಾಲಿಗೆಯ ಮೇಲೂ ಅಷ್ಟೇ ಇತ್ತು.

ರಕ್ತ ತೆಗೆಯುವ ಹುಡುಗಿ ಹೇಮಶ್ರೀ ಅಷ್ಟರವರೆಗೆ ತಲೆ ತಗ್ಗಿಸಿ ಸೂಜಿಗಳನ್ನು ಎಣಿಸುತ್ತಿದ್ದಳು. ಈಗ ಎದ್ದು ತನ್ನ ಸ್ಟೂಲನ್ನು ಕಮಲಾವತಿಯ ಹಿಂದೆ ತಂದಿಟ್ಟಳು. ಅವಳ ಎಡಗೈ ಹಿಡಿದು ತಿರುಗಿಸಿದಳು. ಮೊಣಕೈಯ ಒಳಗೆ ಹಳೆಯ ಸುಟ್ಟ ಕಲೆ ಇತ್ತು.

"ಸಾರ್, ರಕ್ತ ತೆಗೆದದ್ದು ನಾನು. ಈ ಕಲೆ ನನಗೆ ನೆನಪುಂಟು." ಫಲಿತಾಂಶದ ಹಾಳೆ ಎಳೆದುಕೊಂಡು ಅದರ ಹಿಂದೆ ಕಮಲಾವತಿಯ ಹೆಸರು, ರಕ್ತ ತೆಗೆದ ದಿನ, ಕಲೆಯ ಗುರುತು ಎಲ್ಲ ಬರೆದು ಸಹಿ ಹಾಕಿದಳು.

"ನಿನ್ನ ಕೆಲಸ ಹೋಗ್ತದೆ ನೋಡು," ಎಂದ ಕೃಷ್ಣಮೋಹನ.

"ನೋಡುವ ಸಾರ್," ಎಂದು ಹಾಳೆಯನ್ನು ಅಲೀಮಮ್ಮನ ಕೈಗಿಟ್ಟಳು.

ವ್ಯಾನು ಒಂದು ಸೀಟು ಖಾಲಿ ಇಟ್ಟುಕೊಂಡೇ ಹೊರಟುಹೋಯಿತು. ಇವರು ಬಸ್ಸು ಹಿಡಿದರು. ಕಂಡಕ್ಟರು ಏನೂ ಕೇಳದೆ ಮುಂದಿನ ಸೀಟಿನವರನ್ನು ಎಬ್ಬಿಸಿ ಕಮಲಾವತಿಗೆ ಜಾಗ ಮಾಡಿಕೊಟ್ಟ.

"ಇನ್ನು ಸಿಟ್ಟು ಬಿಡು ಮಾರಾಯ್ತಿ," ಎಂದಳು ಕಮಲಾವತಿ.

"ಬಿಡುದಿಲ್ಲ. ಆಸ್ಪತ್ರೆಯಲ್ಲಿ ಬೇಕಾಗ್ತದೆ."

ಬೇಕಾಗಲಿಲ್ಲ. ಪುತ್ತೂರಿನ ಆಸ್ಪತ್ರೆಯಲ್ಲಿ ಹೆಸರು ಕೇಳಿದಾಗ ಅಲೀಮಮ್ಮ ಬಾಯಿ ತೆರೆಯುವ ಮೊದಲೇ ಕಮಲಾವತಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿದಳು. ಡಾಕ್ಟರು ಅವಳ ಸೀರೆಯ ಅಂಚನ್ನು ತುಸು ಸರಿಸಿ ಬಾತುಕೊಂಡಿದ್ದ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದ ಮೇಲೂ ಅಲ್ಲಿ ಗುಂಡಿ ಹಾಗೆಯೇ ಉಳಿಯಿತು. "ಇವತ್ತೇ ಸ್ಕ್ಯಾನ್ ಮಾಡುವ. ಅಡ್ಮಿಟ್ ಆಗ್ಬೇಕು," ಎಂದರು.

ಅಲೀಮಮ್ಮ ಗಡಿಬಿಡಿಯಲ್ಲಿ ಹಾಳೆ ಮುಂದೆ ಹಿಡಿದಳು. ಡಾಕ್ಟರು ಎರಡೂ ಬದಿ ಓದಿದರು.

"ಇದು ಇದ್ದದ್ದು ಒಳ್ಳೇದಾಯ್ತು ಅಮ್ಮ. ಆದ್ರೆ ಇಲ್ಲದಿದ್ರೂ ಕಾಲು ನೋಡಿದವರಿಗೆ ಗೊತ್ತಾಗ್ತಿತ್ತು."

ಕಮಲಾವತಿಯನ್ನು ಗಾಲಿಕುರ್ಚಿಯಲ್ಲಿ ಒಳಗೆ ಕರೆದೊಯ್ದರು. ಅವಳ ಚಪ್ಪಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅಲೀಮಮ್ಮ ಬೆಂಚಿನಲ್ಲಿ ಕುಳಿತಳು. ತಣಿಯಬೇಕಿದ್ದ ಸಿಟ್ಟು ಮತ್ತೆ ಎದೆಗೆ ಏರಿತು. ಆ ಕಾಲುಗಳು ಬೆಳಿಗ್ಗೆ ಮುಕ್ಕಾಲು ಗಂಟೆ ಕೃಷ್ಣಮೋಹನನ ಮೇಜಿನ ಎದುರೇ ನಿಂತಿದ್ದವು.